ಮುದಗಲ್ಲಿನ ಹೆಸರು, ವಿಶ್ವವಿದ್ಯಾಲಯದ ಕಡತ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿನಲ್ಲಿ ಕೋಟೆಗಳಿಗೇನೂ ಬರವಿಲ್ಲ. ಆದರೆ ಮುದಗಲ್ ಕೋಟೆಯ ಗತ್ತೇ ಬೇರೆ. ರಾಯಚೂರು ಜಿಲ್ಲೆಯ ಲಿಂಗಸುಗೂರಿನಿಂದ ಸುಮಾರು 16 ಕಿಲೋಮೀಟರ್ ದೂರದ ಈ ಊರಿಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಕೋಟೆಯನ್ನು ಸುತ್ತುವರಿದ ಕಂದಕ. ಕೆಲವು ಕಡೆ ಅದು 50 ಗಜದಷ್ಟು ಅಗಲವಿದೆ. ಕಂದಕದ ಆಚೆ ಸಾಲು ಕೊತ್ತಳಗಳು, ಅವುಗಳ ಹಿಂದೆ ಇನ್ನೂ ದೊಡ್ಡ ಕೊತ್ತಳಗಳ ಮತ್ತೊಂದು ಸುತ್ತು ಗೋಡೆ. ಉತ್ತರಕ್ಕೆ ಮುಖ ಮಾಡಿದ ಫತೇ ದರ್ವಾಜ, ಇನ್ನೊಂದೆಡೆ ಕಾಟಿ ದರ್ವಾಜ. ಶತ್ರುಗಳನ್ನು ದಾರಿ ತಪ್ಪಿಸಲೆಂದೇ ಕಟ್ಟಿದಂತಿರುವ ತಿರುವುಗಳನ್ನು ದಾಟಿ ಒಳಗೆ ಹೋದರೆ ಹಳೆಯ ಊರು.

ಈ ಕೋಟೆಗಾಗಿ ನಡೆದ ಕಾದಾಟಗಳು ಎಷ್ಟೋ. 1406ರಲ್ಲಿ ಬಹಮನಿ ಸುಲ್ತಾನ ಫಿರೋಜ್ ಷಾ ಮತ್ತು ವಿಜಯನಗರದ ಒಂದನೇ ದೇವರಾಯನ ನಡುವಿನ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗನೊಬ್ಬನ ಮಗಳೇ ಕಾರಣವಾದಳೆಂಬ ಕಥೆಯನ್ನು ಚರಿತ್ರಕಾರ ಫರಿಷ್ತಾ ಬರೆದಿಟ್ಟಿದ್ದಾನೆ. ಬಹಮನಿಗಳ ಕೈಯಿಂದ ವಿಜಯನಗರಕ್ಕೆ, ವಿಜಯನಗರದಿಂದ ಬಿಜಾಪುರಕ್ಕೆ ಹೀಗೆ ಕೈ ಬದಲಾಗುತ್ತಲೇ ಇದ್ದ ಈ ನೆಲ 1565ರ ಯುದ್ಧದ ನಂತರ ಆದಿಲ್‌ಷಾಹಿಗಳ ಪಾಲಾಯಿತು. ಆಮೇಲೆ ಮೊಗಲರು, ಅವರ ನಂತರ ಹೈದರಾಬಾದಿನ ನಿಜಾಮರು. ಕೋಟೆಯಲ್ಲಿ ಕನ್ನಡ ಶಾಸನಗಳೂ ಇವೆ, ಪಾರಸಿ ಬರಹಗಳೂ ಇವೆ. ಧ್ವಜ ಬದಲಾದಾಗಲೆಲ್ಲ ಕಚೇರಿಯ ಭಾಷೆಯೂ ಬದಲಾಗುತ್ತಿತ್ತು ಎಂಬುದಕ್ಕೆ ಈ ಕಲ್ಲುಗಳೇ ಸಾಕ್ಷಿ.

ಕತ್ತಿ ಹಿಡಿದವರ ಹೆಸರುಗಳು ಚರಿತ್ರೆಯ ಪುಸ್ತಕಗಳಲ್ಲಿ ಸಿಗುತ್ತವೆ. ಲೆಕ್ಕ ಬರೆದವರ, ಕಡತ ಕಾದವರ ಹೆಸರುಗಳು ಸಿಗುವುದು ಅಪರೂಪ. ಆದರೂ ಪ್ರತಿ ಬದಲಾವಣೆಯಲ್ಲೂ ಹೊಸ ಅಕ್ಷರ, ಹೊಸ ಪದ್ಧತಿ, ಹೊಸ ಸಾಧನ ಕಲಿಯಬೇಕಾಗಿ ಬಂದದ್ದು ಅವರಿಗೇ. ಇಂದು ಅದೇ ಸ್ಥಿತಿಯಲ್ಲಿರುವವರು ವಿಶ್ವವಿದ್ಯಾಲಯಗಳ ಕಚೇರಿ ಸಿಬ್ಬಂದಿ. ಗಣಕಯಂತ್ರದ ಮುಂದೆ ಕುಳಿತ ಈ ಗುಮಾಸ್ತರಿಗೆ ತಮ್ಮ ಕೆಲಸ ಸಂತೋಷ ಕೊಡುತ್ತಿದೆಯೇ ಎಂಬ ಪ್ರಶ್ನೆ ಮುದಗಲ್ಲಿನಂಥ ಊರಿನ ವಿದ್ಯಾರ್ಥಿಗಳಿಗೆ ದೂರದ್ದೇನಲ್ಲ. ಅವರ ಪ್ರವೇಶ, ಪರೀಕ್ಷೆ, ಅಂಕಪಟ್ಟಿ, ಪದವಿ ಪ್ರಮಾಣಪತ್ರ ಎಲ್ಲವೂ ಹಾದುಹೋಗುವುದು ಆ ಮೇಜಿನ ಮೇಲಿಂದಲೇ.

ಊರು ಒಂದೇ, ವಿಶ್ವವಿದ್ಯಾಲಯ ನಾಲ್ಕು

ಮುದಗಲ್ ಇದ್ದಲ್ಲೇ ಇದೆ. ಆದರೆ ಅದರ ವಿಶ್ವವಿದ್ಯಾಲಯ ಮಾತ್ರ ನೂರು ವರ್ಷಗಳಲ್ಲಿ ಮೂರು ಬಾರಿ ಊರು ಬದಲಿಸಿದೆ. ನಿಜಾಮರ ಕಾಲದಲ್ಲಿ ಈ ಭಾಗದ ಹುಡುಗನಿಗೆ ಉನ್ನತ ಶಿಕ್ಷಣವೆಂದರೆ ಹೈದರಾಬಾದ್. ಅಲ್ಲಿ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಉರ್ದುವಿನಲ್ಲಿ ನಡೆಯುತ್ತಿತ್ತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಇಲ್ಲಿನ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡೆ ಮುಖ ಮಾಡಿದವು. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಹುಟ್ಟಿತು. ಮುಂದಿನ ನಾಲ್ಕು ದಶಕ ಅದೇ ಆಸರೆ. 2021ರಲ್ಲಿ ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳಿಗಾಗಿ ರಾಯಚೂರು ಸಮೀಪದ ಯರಗೇರಾದಲ್ಲಿ ಹೊಸ ವಿಶ್ವವಿದ್ಯಾಲಯ ಕೆಲಸ ಆರಂಭಿಸಿತು.

ಗುಲ್ಬರ್ಗಾ ವಿಶ್ವವಿದ್ಯಾಲಯದ ಕಾಲದಲ್ಲಿ ಅಂಕಪಟ್ಟಿಯಲ್ಲಿ ಒಂದಕ್ಷರ ತಪ್ಪಿದ್ದರೆ ಏನಾಗುತ್ತಿತ್ತು ಎಂಬುದನ್ನು ಹಿಂದಿನ ತಲೆಮಾರಿನ ಪದವೀಧರರು ಮರೆತಿರಲಾರರು. ಮುದಗಲ್ಲಿನಿಂದ ಲಿಂಗಸುಗೂರು, ಅಲ್ಲಿಂದ ತಿಂಥಣಿಯ ಬಳಿ ಕೃಷ್ಣೆಯನ್ನು ದಾಟಿ ಸುರಪುರ, ಶಹಾಪುರ, ಜೇವರ್ಗಿ, ಮತ್ತೆ ಭೀಮೆಯನ್ನು ದಾಟಿ ಕಲಬುರಗಿ. ನೂರೈವತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿ. ಬೆಳಗಿನ ಬಸ್ಸಿಗೆ ಹೊರಟರೂ ಕಚೇರಿ ಮುಟ್ಟುವ ಹೊತ್ತಿಗೆ ಊಟದ ಬಿಡುವು ಸಮೀಪಿಸಿರುತ್ತಿತ್ತು. ಸಂಬಂಧಪಟ್ಟ ಗುಮಾಸ್ತ ರಜೆಯಲ್ಲಿದ್ದರೆ ಅಂದಿನ ಕೂಲಿಯೂ ಹೋಯಿತು, ಬಸ್ಸಿನ ದುಡ್ಡೂ ಹೋಯಿತು. ಈಗ ದಾರಿ ಲಿಂಗಸುಗೂರು, ಕವಿತಾಳ, ಸಿರವಾರ ಹಾದು ರಾಯಚೂರಿಗೆ. ಅದೂ ನೂರು ಕಿಲೋಮೀಟರಿಗೆ ಕಡಿಮೆಯಿಲ್ಲ.

ಆ ದಾರಿಯನ್ನೇ ಇಲ್ಲವಾಗಿಸುವುದು ಗಣಕೀಕರಣದ ಭರವಸೆ. ರಾಜ್ಯದ ಉನ್ನತ ಶಿಕ್ಷಣ ಇಲಾಖೆ 2021-22ನೇ ಶೈಕ್ಷಣಿಕ ಸಾಲಿನಿಂದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆಲ್ಲ ಒಂದೇ ವ್ಯವಸ್ಥೆಯನ್ನು ತಂದಿತು. ಅದಕ್ಕೆ ಏಕೀಕೃತ ವಿಶ್ವವಿದ್ಯಾಲಯ ಮತ್ತು ಕಾಲೇಜು ನಿರ್ವಹಣಾ ವ್ಯವಸ್ಥೆ ಎಂದು ಹೆಸರು. ವಿದ್ಯಾರ್ಥಿಗಳ ಬಾಯಲ್ಲಿ ಅದು ಯುಯುಸಿಎಂಎಸ್. ಪದವಿ ಪ್ರವೇಶದ ಅರ್ಜಿ, ಶುಲ್ಕ, ಆಂತರಿಕ ಅಂಕ, ಪರೀಕ್ಷೆಯ ಪ್ರವೇಶಪತ್ರ, ಫಲಿತಾಂಶ ಎಲ್ಲವೂ ಅದರ ಮೂಲಕ. ಇದಕ್ಕೆ ಮೊದಲೇ, 2015ರಲ್ಲಿ, ಕೇಂದ್ರ ಸರ್ಕಾರ ಡಿಜಿಲಾಕರ್ ಆರಂಭಿಸಿತ್ತು. ಅದರಲ್ಲಿ ವಿಶ್ವವಿದ್ಯಾಲಯವೇ ಇರಿಸಿದ ಅಂಕಪಟ್ಟಿಗೆ ಮೂಲ ದಾಖಲೆಯಷ್ಟೇ ಬೆಲೆಯಿದೆ. ಮುದಗಲ್ಲಿನ ವಿದ್ಯಾರ್ಥಿ ತನ್ನ ಫಲಿತಾಂಶವನ್ನು ಕೋಟೆಯ ಬುರುಜಿನ ಮೇಲೆ ಕುಳಿತೂ ನೋಡಬಹುದು. ಆದರೆ ಆ ಫಲಿತಾಂಶದ ಹಿಂದೆ ಯಾರೋ ಒಬ್ಬರು ಹೆಸರು, ವಿಷಯ, ಅಂಕಗಳನ್ನು ತಾಳೆ ನೋಡಿರಲೇಬೇಕು. ಯಂತ್ರ ಬಂದಿದೆ ಎಂದ ಮಾತ್ರಕ್ಕೆ ಆ ಕೆಲಸ ಮಾಯವಾಗಿಲ್ಲ.

ಮಸ್ಕಿಯ ಬಂಡೆ, ಬ್ರಹ್ಮಗಿರಿಯ ಲಿಪಿಕಾರ

ಹೊಸ ಬರವಣಿಗೆ ಕಲಿತವನ ಸಂತೋಷ ಎಂಥದ್ದು ಎಂದು ತಿಳಿಯಲು ಈ ಸೀಮೆಯ ಇನ್ನೂ ಹಳೆಯ ದಾಖಲೆಯೊಂದನ್ನು ನೋಡಬೇಕು. ಲಿಂಗಸುಗೂರಿನ ಇನ್ನೊಂದು ದಿಕ್ಕಿಗೆ ಮಸ್ಕಿ ಇದೆ. ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರ್ 1915ರಲ್ಲಿ ಇಲ್ಲಿನ ಬಂಡೆಯ ಮೇಲೆ ಬ್ರಾಹ್ಮಿ ಲಿಪಿಯ ಬರಹವನ್ನು ಗುರುತಿಸಿದ. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬ ಬಿರುದಷ್ಟೇ ಇರುತ್ತಿತ್ತು. ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರೇ ಇತ್ತು. ಹಾಗಾಗಿ ಆ ಎಲ್ಲ ಶಾಸನಗಳೂ ಅಶೋಕನವೇ ಎಂಬುದು ಖಚಿತವಾಯಿತು. ದಾಖಲೆಯಲ್ಲಿ ಹೆಸರು ಸರಿಯಾಗಿರುವುದಕ್ಕೆ ಎಷ್ಟು ಬೆಲೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಇದೇ ಆಜ್ಞೆಯ ಇನ್ನೊಂದು ಪ್ರತಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿದೆ. ಅದರ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಅಷ್ಟೇ ಅಲ್ಲ, ಉಳಿದ ಬರಹವೆಲ್ಲ ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮಿಯಲ್ಲಿದ್ದರೆ, ತಾನು ಲಿಪಿಕಾರ ಎಂಬ ಮಾತನ್ನು ಮಾತ್ರ ಆತ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯ ಭಾರತದ ಲಿಪಿ. ಬ್ರಹ್ಮಗಿರಿಯ ಜನರಿಗೆ ಅದು ತಿಳಿದಿರುವ ಸಂಭವವಿರಲಿಲ್ಲ. ತನಗೆ ಇನ್ನೊಂದು ಲಿಪಿಯೂ ಬರುತ್ತದೆ ಎಂದು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಒಬ್ಬ ಗುಮಾಸ್ತ ಹೆಮ್ಮೆಯಿಂದ ಹೇಳಿಕೊಂಡಂತಿದೆ.

ಗಮನಿಸಬೇಕಾದ ಅಂಶ ಇಲ್ಲಿದೆ. ಚಪಡನಿಗೆ ಕೌಶಲವಿತ್ತು, ಜೊತೆಗೆ ಕೆಲಸ ತನ್ನದೆಂದು ಹೇಳಿಕೊಳ್ಳಲು ಜಾಗವೂ ಇತ್ತು. ಎರಡೂ ಕೂಡಿದಾಗ ಕೆಲಸದಲ್ಲಿ ತೃಪ್ತಿ ಹುಟ್ಟುತ್ತದೆ. ಮೊದಲನೆಯದಿದ್ದು ಎರಡನೆಯದಿಲ್ಲದಿದ್ದರೆ ಉಳಿಯುವುದು ದಣಿವು ಮಾತ್ರ.

ಪಾರಸಿಯಿಂದ ನುಡಿವರೆಗೆ

ಚಪಡನ ನಂತರದವರೂ ಕಲಿಯುತ್ತಲೇ ಬಂದರು. ಬಿಜಾಪುರದ ಒಂದನೇ ಇಬ್ರಾಹಿಂ ಆದಿಲ್ ಷಾ ಲೆಕ್ಕಪತ್ರಗಳನ್ನು ಪಾರಸಿಯಿಂದ ದೇಶಭಾಷೆಗೆ ಬದಲಿಸಿದನೆಂದು ಫರಿಷ್ತಾ ಹೇಳುತ್ತಾನೆ. ಹೈದರಾಬಾದ್ ಸಂಸ್ಥಾನದಲ್ಲಿ ಮತ್ತೆ ಪಾರಸಿ. 1884ರ ಸುಮಾರಿಗೆ ಅದರ ಜಾಗಕ್ಕೆ ಉರ್ದು ಬಂತು. 1956ರ ನಂತರ ಉರ್ದುವಿನಲ್ಲಿ ನುರಿತ ಎಷ್ಟೋ ನೌಕರರು ಇಂಗ್ಲಿಷ್ ಮತ್ತು ಕನ್ನಡಕ್ಕೆ ಹೊರಳಬೇಕಾಯಿತು. ಆಮೇಲೆ ಬಂದದ್ದು ಟೈಪ್‌ರೈಟರ್. ಜೂನಿಯರ್, ಸೀನಿಯರ್ ಪರೀಕ್ಷೆ ಪಾಸು ಮಾಡಿದ ಬೆರಳಚ್ಚುಗಾರನಿಗೆ ಕಚೇರಿಯಲ್ಲಿ ಒಂದು ಗೌರವವಿತ್ತು. ಗೋದ್ರೆಜ್ ಸಂಸ್ಥೆ 2009ರಲ್ಲಿ ಟೈಪ್‌ರೈಟರ್ ತಯಾರಿಕೆ ನಿಲ್ಲಿಸುವ ಹೊತ್ತಿಗೆ ಆ ಯಂತ್ರಗಳ ಜಾಗವನ್ನು ಗಣಕಯಂತ್ರಗಳು ಆಗಲೇ ಹಿಡಿದಿದ್ದವು.

ಕನ್ನಡಕ್ಕೆ ಗಣಕಯಂತ್ರ ಸುಲಭವಾಗಿ ಒಗ್ಗಲಿಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶ ಸರ್ಕಾರಿ ಕಚೇರಿಗಳಿಗೆ ಬಂದ ಮೇಲೆ ಟೈಪಿಂಗ್ ಹಗುರಾಯಿತು, ನಿಜ. ಆದರೆ ಹಳೆಯ ಪದ್ಧತಿಯ ಫಾಂಟಿನಲ್ಲಿ ಟೈಪು ಮಾಡಿದ್ದನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತಿದ್ದವು. ಯುನಿಕೋಡ್ ಬಂದ ನಂತರವೇ ಕನ್ನಡ ಅಕ್ಷರ ಎಲ್ಲ ಯಂತ್ರಗಳಲ್ಲೂ ಕನ್ನಡವಾಗಿಯೇ ಉಳಿಯುವಂತಾದದ್ದು. ಹಳೆಯ ಕಡತವನ್ನು ಯುನಿಕೋಡಿಗೆ ಪರಿವರ್ತಿಸುವುದು, ಒತ್ತಕ್ಷರ ತಪ್ಪದಂತೆ ತಿದ್ದುವುದು, ಇವು ಯಾವ ಹುದ್ದೆಯ ವಿವರಣೆಯಲ್ಲೂ ಬರೆಯದ ಕೆಲಸಗಳು. ಆದರೆ ಕನ್ನಡ ಕಚೇರಿಯ ನಿಜವಾದ ಗಣಕ ಕೌಶಲ ಇದೇ.

ರಾಜ್ಯ ಸರ್ಕಾರ 2012ರ ನಿಯಮಗಳ ಮೂಲಕ ತನ್ನ ನೌಕರರಿಗೆ ಗಣಕ ಸಾಕ್ಷರತಾ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಆ ಪರೀಕ್ಷೆಯಿಂದ ನೌಕರನಿಗೆ ಯಂತ್ರದ ಪರಿಚಯವಿದೆಯೇ ಎಂಬುದು ತಿಳಿಯುತ್ತದೆ. ಕೆಲಸದ ಅನುಭವದಿಂದ ಬರುವ ತಿಳಿವಳಿಕೆಯನ್ನು ಅಳೆಯಲು ಅದರಿಂದಾಗದು. ಆ ತಿಳಿವಳಿಕೆ ಎಂಥದ್ದು ಎಂಬುದಕ್ಕೆ ಮತ್ತೆ ಮುದಗಲ್ಲಿಗೇ ಬರಬೇಕು.

ಹುಸೇನಪ್ಪ ಎಂಬ ಹೆಸರು

ಮುದಗಲ್ಲಿನ ಮೊಹರಂ ನಾಡಿಗೇ ಹೆಸರಾದದ್ದು. ಹುಸೇನಿ ಆಲಂ ದರ್ಶನಕ್ಕೆ ಸುತ್ತಲಿನ ಜಿಲ್ಲೆಗಳಿಂದಲೂ ಭಕ್ತರು ಬರುತ್ತಾರೆ. ಅವರಲ್ಲಿ ಹಿಂದೂಗಳು, ಮುಸ್ಲಿಮರು ಎಂಬ ಭೇದವಿಲ್ಲ. ರಿವಾಯತ್ ಪದಗಳನ್ನು ಕನ್ನಡದಲ್ಲೇ ಹಾಡುತ್ತಾರೆ. ಹರಕೆಯಿಂದ ಹುಟ್ಟಿದ ಮಗುವಿಗೆ ಹುಸೇನಪ್ಪ, ಹುಸೇನಮ್ಮ ಎಂದು ಹೆಸರಿಡುವ ಹಿಂದೂ ಮನೆಗಳು ಈ ಸೀಮೆಯಲ್ಲಿ ಹೊಸದೇನಲ್ಲ.

ಕನ್ನಡದಲ್ಲಿ ಹುಸೇನಪ್ಪ ಎಂಬುದು ನಾಲ್ಕೇ ಅಕ್ಷರ, ಗೊಂದಲಕ್ಕೆ ಎಡೆಯಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ಒಂದು ಎಸ್ ಹಾಕುತ್ತಾರೆ, ಇನ್ನೊಬ್ಬರು ಎರಡು. ಕೆಲವರು ಇ ಬರೆದರೆ ಕೆಲವರು ಎ ಮತ್ತು ಐ ಎರಡನ್ನೂ ಬರೆಯುತ್ತಾರೆ. ಆಡುಮಾತಿನಂತೆ ಉಸೇನಪ್ಪ ಎಂದು ಬರೆಸಿದವರೂ ಇದ್ದಾರೆ. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಒಂದು ರೂಪ, ಆಧಾರ್ ಚೀಟಿಯಲ್ಲಿ ಇನ್ನೊಂದು, ಬ್ಯಾಂಕ್ ಪುಸ್ತಕದಲ್ಲಿ ಮೂರನೆಯದು. ಊರಿನ ಹೆಸರಿಗೂ ಇದೇ ಗತಿ. ಮುದಗಲ್, ಮುದ್ಗಲ್, ಮುದುಗಲ್ ಮೂರೂ ಒಂದೇ ಎಂಬುದು ಇಲ್ಲಿನ ಬಸ್ ಕಂಡಕ್ಟರನಿಗೆ ಗೊತ್ತು. ಯಂತ್ರಕ್ಕೆ ಮಾತ್ರ ಅವು ಮೂರು ಊರು.

ವಿದ್ಯಾರ್ಥಿವೇತನ ನಿಲ್ಲುವುದು ಇಂಥ ಒಂದಕ್ಷರಕ್ಕೆ. ಉದ್ಯೋಗದ ದಾಖಲೆ ಪರಿಶೀಲನೆಯಲ್ಲಿ ಅಭ್ಯರ್ಥಿ ಬೆವರುವುದೂ ಇದಕ್ಕೇ. ಇಂಥ ಸಂದರ್ಭದಲ್ಲಿ ವಿಶ್ವವಿದ್ಯಾಲಯದ ಗುಮಾಸ್ತ ಎರಡು ರೀತಿ ನಡೆದುಕೊಳ್ಳಬಹುದು. ಪರದೆಯಲ್ಲಿ ಹೊಂದಿಕೆಯಾಗುತ್ತಿಲ್ಲ, ತನ್ನ ಕೈಯಲ್ಲೇನೂ ಇಲ್ಲ ಎಂದು ಕಿಟಕಿ ಮುಚ್ಚುವುದು ಒಂದು. ಹಳೆಯ ಪ್ರವೇಶ ಪುಸ್ತಕ ತೆಗೆದು, ಹೆಸರನ್ನು ತಾಳೆ ನೋಡಿ, ಯಾವ ಪ್ರಮಾಣಪತ್ರ ತಂದರೆ ತಿದ್ದುಪಡಿ ಸಾಧ್ಯ ಎಂದು ತಿಳಿಸಿ, ಕಡತವನ್ನು ತಾನೇ ಮುಂದಕ್ಕೆ ಕಳಿಸುವುದು ಇನ್ನೊಂದು. ಎರಡನೆಯದಕ್ಕೆ ಯಂತ್ರದ ಜ್ಞಾನವೂ ಬೇಕು, ಈ ಸೀಮೆಯ ಜ್ಞಾನವೂ ಬೇಕು. ಅದರ ಮೇಲೆ ತಿದ್ದುವ ಅಧಿಕಾರವೂ ಸ್ವಲ್ಪ ಬೇಕು.

ತೃಪ್ತಿ ಎಲ್ಲಿದೆ?

ಕೆಲಸದ ತೃಪ್ತಿಯ ಬಗ್ಗೆ ವಿದ್ವಾಂಸರು ಬಹಳ ಹಿಂದೆಯೇ ಯೋಚಿಸಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗಿನ ಸುಮಾರು 200 ಎಂಜಿನಿಯರುಗಳು ಮತ್ತು ಲೆಕ್ಕಿಗರನ್ನು ಮಾತನಾಡಿಸಿ 1959ರಲ್ಲಿ ಒಂದು ತೀರ್ಮಾನಕ್ಕೆ ಬಂದರು. ಸಂಬಳ, ಕುರ್ಚಿ-ಮೇಜು, ಮೇಲಧಿಕಾರಿಯ ವರ್ತನೆ ಇವು ಕೆಟ್ಟರೆ ಅತೃಪ್ತಿ ಹುಟ್ಟುತ್ತದೆ. ಆದರೆ ಇವು ಸರಿಯಾದ ಮಾತ್ರಕ್ಕೆ ತೃಪ್ತಿ ಬರುವುದಿಲ್ಲ. ತೃಪ್ತಿ ಬರುವುದು ಸಾಧಿಸಿದೆನೆಂಬ ಭಾವದಿಂದ, ಮೆಚ್ಚುಗೆಯಿಂದ, ಹೊಣೆಗಾರಿಕೆಯಿಂದ. ಫ್ರೆಡ್ ಡೇವಿಸ್ ಎಂಬ ಸಂಶೋಧಕರು 1989ರಲ್ಲಿ ಗಣಕಯಂತ್ರದ ಬಗ್ಗೆ ಇನ್ನೊಂದು ಮಾತು ಸೇರಿಸಿದರು. ನೌಕರರು ಹೊಸ ತಂತ್ರವನ್ನು ಒಪ್ಪುವುದು ಎರಡು ಕಾರಣಕ್ಕೆ: ಅದು ತಮ್ಮ ಕೆಲಸಕ್ಕೆ ಉಪಯೋಗ ಎನಿಸಬೇಕು, ಬಳಸಲು ಸುಲಭ ಎನಿಸಬೇಕು.

ಇದನ್ನು ನಮ್ಮ ಕಚೇರಿಗಳಿಗೆ ಹೊಂದಿಸಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಹೊಸ ಯಂತ್ರ ಕೊಡುವುದು ಕುರ್ಚಿ-ಮೇಜು ಕೊಟ್ಟಂತೆ. ಅದು ಇಲ್ಲದಿದ್ದರೆ ಗೊಣಗಾಟ, ಇದ್ದರೆ ಗೊಣಗಾಟವಿಲ್ಲ, ಅಷ್ಟೇ. ಯಂತ್ರ ಕಲಿತ ಗುಮಾಸ್ತನಿಗೆ ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಮುಗಿಸುವ ಅವಕಾಶ ಸಿಕ್ಕರೆ ಅವನ ಕಲಿಕೆ ಸಾರ್ಥಕ. ಹಿಂದೆ ವಾರಗಟ್ಟಲೆ ಹಿಡಿಯುತ್ತಿದ್ದ ಶೋಧನೆ ನಿಮಿಷದಲ್ಲಿ ಮುಗಿದು, ಎದುರಿಗೆ ನಿಂತ ತಂದೆ-ಮಗಳು ಸಂಜೆಯ ಬಸ್ಸಿಗೆ ಊರಿಗೆ ಮರಳಿದರೆ ಅದರ ಸಂತೋಷ ಇಬ್ಬರಿಗೂ. ಹಾಗಾಗದೆ, ದೂರು ಬಂದರೆ ಮೇಲಿನವರಿಗೆ ದಾಟಿಸುವುದು, ಉತ್ತರಕ್ಕಾಗಿ ಕಾಯುವುದು, ಬೈಗುಳ ಮಾತ್ರ ತಾನು ತಿನ್ನುವುದು ಎಂದಾದರೆ ಎಷ್ಟು ತರಬೇತಿ ಕೊಟ್ಟರೂ ಮನಸ್ಸು ಕುಗ್ಗುತ್ತದೆ. ಕಾಗದದ ಕಡತವೂ ಇರಲಿ, ಗಣಕಯಂತ್ರದಲ್ಲೂ ಇರಲಿ ಎಂಬ ಎರಡೆರಡು ದುಡಿಮೆ ಸೇರಿದರಂತೂ ಕೇಳುವುದೇ ಬೇಡ.

ಹೊರಗುತ್ತಿಗೆಯ ನೌಕರರ ವಿಷಯ ಇನ್ನೂ ಸೂಕ್ಷ್ಮ. ಯಂತ್ರದಲ್ಲಿ ಚುರುಕಾಗಿರುವ ಯುವಕ-ಯುವತಿಯರು ಹೀಗೆ ಕೆಲಸಕ್ಕೆ ಸೇರುವುದು ಸಾಮಾನ್ಯ. ಕೌಶಲ ಅವರಲ್ಲಿ, ಸಹಿಯ ಅಧಿಕಾರ ಹಿರಿಯರಲ್ಲಿ, ನೌಕರಿಯ ಭದ್ರತೆಯೂ ಹಿರಿಯರಲ್ಲೇ. ಹಿರಿಯರಿಗೆ ನಿಯಮ ಗೊತ್ತು, ಕಿರಿಯರಿಗೆ ಪರದೆ ಗೊತ್ತು. ಇಬ್ಬರೂ ಒಂದೇ ಮೇಜಿನಲ್ಲಿ ಕುಳಿತು ಒಬ್ಬರಿಂದೊಬ್ಬರು ಕಲಿಯುವ ಕಚೇರಿಯಲ್ಲಿ ಕೆಲಸ ಸರಾಗ. ಒಬ್ಬರನ್ನೊಬ್ಬರು ಹೀಗಳೆಯುವ ಕಚೇರಿಯಲ್ಲಿ ವಿದ್ಯಾರ್ಥಿಯ ಅರ್ಜಿ ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತದೆ.

ವಿದ್ಯಾರ್ಥಿಗಳು ತಿಳಿಯಬೇಕಾದದ್ದು

ಸಿಂಧನೂರು, ಲಿಂಗಸುಗೂರು, ಮಸ್ಕಿ, ಮುದಗಲ್‌ಗಳ ಕಾಲೇಜುಗಳಲ್ಲಿ ಓದುತ್ತಿರುವವರಲ್ಲಿ ಹಲವರು ನಾಳೆ ಇಂಥ ಕಚೇರಿಗಳಲ್ಲೇ ಕುಳಿತುಕೊಳ್ಳುವವರು. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ 2013ರಿಂದ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಗುಮಾಸ್ತ ಹುದ್ದೆಗಳೂ ಸೇರುವ ‘ಸಿ’ ವರ್ಗದಲ್ಲಿ ಶೇಕಡಾ 80, ‘ಡಿ’ ವರ್ಗದಲ್ಲಿ ಶೇಕಡಾ 85 ಹುದ್ದೆಗಳು ಈ ಭಾಗದವರಿಗೆ ಮೀಸಲು. ಇದಕ್ಕೆ ಅರ್ಹತಾ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಗಣಕ ಜ್ಞಾನವೆಂದರೆ ಸರ್ಟಿಫಿಕೇಟ್ ಮಾತ್ರ ಎಂದು ತಿಳಿಯಬಾರದು. ಯುನಿಕೋಡ್ ಕನ್ನಡದಲ್ಲಿ ತಪ್ಪಿಲ್ಲದೆ ಟೈಪು ಮಾಡುವುದು, ಸಾವಿರ ಹೆಸರುಗಳ ಪಟ್ಟಿಯಲ್ಲಿ ತಪ್ಪು ಹುಡುಕುವುದು, ಒಂದು ಪತ್ರವನ್ನು ಸ್ಪಷ್ಟವಾಗಿ ಬರೆಯುವುದು, ಇವನ್ನು ಕಾಲೇಜಿನಲ್ಲಿರುವಾಗಲೇ ರೂಢಿಸಿಕೊಂಡವರಿಗೆ ಮುಂದೆ ಕೆಲಸ ಹೊರೆಯಾಗದು.

ಪಾಲಕರಿಗೂ ಒಂದು ಮಾತು. ಮಗುವಿನ ಹೆಸರು ಹತ್ತನೇ ತರಗತಿಯ ಪರೀಕ್ಷಾ ಅರ್ಜಿಯಲ್ಲಿ ಹೇಗೆ ದಾಖಲಾಗುತ್ತದೋ ಮುಂದಿನ ದಾಖಲೆಗಳೆಲ್ಲ ಸಾಮಾನ್ಯವಾಗಿ ಅದನ್ನೇ ಅನುಸರಿಸುತ್ತವೆ. ಶಾಲೆಯವರು ಪಟ್ಟಿ ತೋರಿಸಿದಾಗ ಸಹಿ ಹಾಕುವ ಮೊದಲು ಅಕ್ಷರ ಅಕ್ಷರ ಓದಬೇಕು. ಆಧಾರ್ ಚೀಟಿಯನ್ನು ಪಕ್ಕದಲ್ಲಿಟ್ಟು ತಾಳೆ ನೋಡಬೇಕು. ಅಂದಿನ ಐದು ನಿಮಿಷ ಮುಂದಿನ ಐದು ಪ್ರಯಾಣಗಳನ್ನು ಉಳಿಸುತ್ತದೆ.

ಚರಿತ್ರೆಯ ವಿದ್ಯಾರ್ಥಿಗಳು ಮುದಗಲ್ ಕೋಟೆಯನ್ನೂ ಮಸ್ಕಿಯ ಶಾಸನವನ್ನೂ ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ಒಂದೇ ದಿನದಲ್ಲಿ ನೋಡಬಹುದು. ನೋಡುವಾಗ ರಾಜರ ಜೊತೆಗೆ ಬರೆದವರನ್ನೂ ನೆನೆಯುವುದು ಒಳ್ಳೆಯದು. ಇಂದಿನ ವಿಶ್ವವಿದ್ಯಾಲಯದ ಗುಮಾಸ್ತ ಚಪಡನಂತೆ ಅಂಕಪಟ್ಟಿಯ ಕೆಳಗೆ ತನ್ನ ಹೆಸರು ಬರೆಯುವಂತಿಲ್ಲ. ಅದರಲ್ಲಿ ಹುಸೇನಪ್ಪನ ಹೆಸರು ಸರಿಯಾಗಿದ್ದರೆ ಅದೇ ಅವನ ಸಹಿ. ಹಾಗೆ ಸರಿಯಾಗಿ ಬರೆಯಲು ಬೇಕಾದ ಕಲಿಕೆ, ಕಾಲಾವಕಾಶ ಮತ್ತು ಅಧಿಕಾರವನ್ನು ಅವನಿಗೆ ಕೊಡುವುದು ವಿಶ್ವವಿದ್ಯಾಲಯಗಳ ಕೆಲಸ. ಕೆಲಸ ಚೆನ್ನಾಗಿ ಆದಾಗ ಕಿಟಕಿಯ ಈಚೆಯಿಂದ ಒಂದು ಒಳ್ಳೆಯ ಮಾತು ಹೇಳುವುದು ವಿದ್ಯಾರ್ಥಿಗಳ ಮತ್ತು ಪಾಲಕರ ಕೆಲಸ.